ಸೋಮವಾರ ಹೂಡದ ರೋಲರ್

ರಸ್ತೆ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗೀಗ ನಮ್ಮ ಮನೆಗೆ ಬರುತ್ತಾರೆ. ಡಿಪ್ಲೊಮಾ ಮುಗಿಸಿ, ಪ್ಯಾಂಟಿನ ಕಿಸೆಯಲ್ಲಿ ಅಳತೆಯ ಟೇಪು ತುರುಕಿಕೊಂಡು, "ಅಜ್ಜಾರ, ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ಒಳಗಿನಿಂದ ಚಹಾ ಬರುವ ತನಕ ಹೊತ್ತು ಕಳೆಯಲು ಕೇಳುತ್ತಾರೆಂದು ನನಗೂ ಗೊತ್ತು. ಆದರೂ ಶುರು ಮಾಡುತ್ತೇನೆ. ನಾನು ಹಿರೇಕೆರೂರು ದಾಟಿ ಹಾನಗಲ್ಲಿಗೆ ಬರುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತದೆ, ಬಸ್ಸಿನ ಹೊತ್ತಾಯಿತೆಂದು ಏಳುತ್ತಾರೆ. ಹೀಗೆ ನನ್ನ ಕಥೆ ಪ್ರತಿ ಸಲವೂ ಅರ್ಧಕ್ಕೇ ನಿಂತಿದೆ. ಈ ಸಲ ಬರೆದೇ ಬಿಡೋಣವೆಂದು ಕುಳಿತಿದ್ದೇನೆ. ಓದುವವರು ನಡುವೆ ಎದ್ದು ಬಸ್ಸಿಗೆ ಹೋದರೆ ನನಗಂತೂ ಕಾಣುವುದಿಲ್ಲ.

ಮೊದಲಿಗೆ ಒಂದು ಮಾತು. ರಸ್ತೆ ಕೆಲಸಕ್ಕೆ ಹೊರಡುವವನ ಚೀಲದಲ್ಲಿ ಟೇಪು ಇರಲಿ ಬಿಡಲಿ, ಪಂಚಾಂಗ ಇರಬೇಕು. ನಗಬೇಡಿ. ಕಲ್ಲು, ಮಣ್ಣು, ನೀರು ಎಲ್ಲಿ ಸಿಗುತ್ತವೆಂದು ಯಾರಾದರೂ ಹೇಳಿಕೊಡುತ್ತಾರೆ. ಯಾವ ವಾರ ಯಾರು ಕೆಲಸಕ್ಕೆ ಬರುವುದಿಲ್ಲವೆಂದು ಮಾತ್ರ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅದನ್ನು ಕಲಿಯದೆ ನಾನು ಕೆರೆಯಲ್ಲಿ ಸೊಂಟಮಟ್ಟ ನೀರಿಗಿಳಿಯಬೇಕಾಯಿತು, ಇನ್ನೇನು ಗೊತ್ತಾಗಿದ್ದ ಲಗ್ನ ಮುರಿಯುವುದರಲ್ಲಿತ್ತು.

ನಮ್ಮ ಊರು ಶಿಗ್ಗಾವಿ. ಮನೆತನದಲ್ಲಿ ಎಲ್ಲರೂ ಶಾಸ್ತ್ರ ಓದಿದವರು. ನಾನೊಬ್ಬ ಮಣ್ಣು ಹೊರಿಸುವವನಾದೆ ಎಂದು ನಮ್ಮ ಅಜ್ಜ ಕಡೆಯ ತನಕ ಕೊರಗಿದರು. ಮೊದಲ ಕೆಲಸ ಹಿರೇಕೆರೂರಿನಲ್ಲಿ, ಹಂಗಾಮಿ ಓವರ್ಸಿಯರ್ ಎಂದು. ಆಗಿನ ರಸ್ತೆಯೆಂದರೆ ಖಡಿ ರಸ್ತೆ. ಹೆಣ್ಣುಮಕ್ಕಳು, ಗಂಡಸರು ಗಿಡದ ನೆರಳಲ್ಲಿ ಕೂತು ಸುತ್ತಿಗೆಯಿಂದ ಕಲ್ಲು ಒಡೆದು ಖಡಿ ಮಾಡುತ್ತಿದ್ದರು. ಅದನ್ನು ರಸ್ತೆಯ ಮೇಲೆ ಹರವಿ, ಮುರುಮಿನ ಮಣ್ಣು ಎರಚಿ, ನೀರು ಹೊಡೆದು, ಕಲ್ಲಿನ ಉರುಳನ್ನು ಎತ್ತುಗಳಿಂದ ಎಳೆಸಬೇಕು. ಉರುಳು ಸಿಗದಿದ್ದರೆ ಬಂಡಿಗಳೇ ಓಡಾಡಿ ತುಳಿದು ಗಟ್ಟಿ ಮಾಡಲಿ ಎಂದು ಬಿಟ್ಟುಬಿಡುತ್ತಿದ್ದೆವು. ಇಲಾಖೆಯ ಲೆಕ್ಕ ಹಾಗಿತ್ತು. ಬಂಡಿಯವರ ಲೆಕ್ಕ ಬೇರೆ ಇತ್ತು.

ಹಿರೇಕೆರೂರಿನಲ್ಲಿ ನಾನು ಹರವಿಸಿದ ಮೊದಲ ಖಡಿ ರಸ್ತೆಯನ್ನು ಯಾರೂ ತುಳಿಯಲೇ ಇಲ್ಲ. ಹತ್ತಿ ತುಂಬಿದ ಬಂಡಿಗಳೆಲ್ಲ ರಸ್ತೆಯ ಪಕ್ಕದ ಹೊಲದಲ್ಲಿಳಿದು ಹೋಗುತ್ತಿದ್ದವು. "ಸರ್ಕಾರ ನಿಮಗಂತನ ರಸ್ತಾ ಮಾಡೇತಿ, ಅದರ ಮ್ಯಾಲ ಹೋಗ್ರಿ" ಎಂದು ಒಬ್ಬ ಬಂಡಿಯವನಿಗೆ ಗದರಿದೆ. ಅವನು ನನ್ನ ಕಾಲಿನ ಬೂಟು ನೋಡಿದ. "ನಮ್ಮ ಎತ್ತಿಗೂ ಇಂಥಾದ್ದ ಒಂದ ಜೋಡ ಕೊಡಸ್ರಿ, ಹೋಗ್ತೇನಿ" ಎಂದು ಹೊಲದಲ್ಲೇ ಹೊಡೆದುಕೊಂಡು ಹೋದ. ಪಕ್ಕದ ದಾರಿ ಮುಚ್ಚಲು ದೊಡ್ಡ ದೊಡ್ಡ ಬಂಡೆಗಲ್ಲು ಇಡಿಸಿದೆ. ಅವರು ಬಂಡೆಗಳ ಆಚೆ ಇನ್ನೊಂದು ದಾರಿ ಮಾಡಿಕೊಂಡರು. ಮಳೆಗಾಲ ಬಂದಾಗ ನನ್ನ ರಸ್ತೆ ಹಾಗೇ ಚೊಕ್ಕವಾಗಿ ಉಳಿದಿತ್ತು, ಅದರ ಎರಡೂ ಬದಿಗೆ ಊರೆಲ್ಲ ಓಡಾಡುವ ಕೆಸರಿನ ರಸ್ತೆಗಳಾಗಿದ್ದವು.

ಅಲ್ಲಿಂದ ಹಾನಗಲ್ಲಿಗೆ ವರ್ಗವಾಯಿತು. ಭತ್ತದ ಸೀಮೆ, ಊರೂರಿಗೆ ಕೆರೆ. ಅಲ್ಲಿಯ ಒಂದು ಮೈಲುಗಲ್ಲಿನ ಮೇಲೆ ಅಂಕಿಯೇ ಇರಲಿಲ್ಲ. ಸುಗ್ಗಿಗೆ ಹೋಗುವವರೆಲ್ಲ ಅದಕ್ಕೆ ಕುಡಗೋಲು ಮಸೆದು ಮಸೆದು ಕಲ್ಲಿನ ನಡು ಸಣ್ಣಗಾಗಿತ್ತು. ಹೊಸ ಕಲ್ಲು ನೆಡಿಸಿದೆ. ಮಾರನೆಯ ಸುಗ್ಗಿಗೆ ಒಬ್ಬ ಮುದುಕಿ ದಾರಿಯಲ್ಲಿ ನಿಲ್ಲಿಸಿ, "ಯಪ್ಪಾ, ಮೊದಲಿನ ಕಲ್ಲ ಛಲೋ ಇತ್ತು, ಇದರಾಗ ಧಾರಿ ಹಿಡಿಯೂದಿಲ್ಲ" ಎಂದು ದೂರು ಕೊಟ್ಟಳು.

ಇನ್ನು ನಮ್ಮ ಮೇಲಿನವರ ವಿಷಯ. ಆಗ ನಮ್ಮ ಡೆಪ್ಯುಟಿ ಇಂಜಿನಿಯರು ಕುಲಕರ್ಣಿ ಸಾಹೇಬರು. ಕೆಟ್ಟ ಮನುಷ್ಯರಲ್ಲ, ಆದರೆ ರಸ್ತೆ ಪರೀಕ್ಷೆ ಮಾಡುವ ಅವರ ರೀತಿಯೇ ಬೇರೆ. ಮೋಟಾರಿನಲ್ಲಿ ಕೂತು, ಥರ್ಮಾಸಿನಿಂದ ಕಪ್ಪಿನ ತುದಿ ಮುಟ್ಟುವಂತೆ ಚಹಾ ಬಗ್ಗಿಸಿಕೊಂಡು, ಕಪ್ಪು-ಬಸಿಯನ್ನು ಅಂಗೈ ಮೇಲೆ ಇಟ್ಟುಕೊಳ್ಳುವರು. ಡ್ರೈವರನಿಗೆ "ಹೊಡಿ" ಎನ್ನುವರು. ಹೊಸ ರಸ್ತೆ ಮುಗಿಯುವ ತನಕ ಚಹಾ ಅವರ ಬಿಳಿ ಪ್ಯಾಂಟಿನ ಮೇಲೆ ಚೆಲ್ಲಬಾರದು. ಚೆಲ್ಲಿದರೆ ಕೆಲಸ ನಾಪಾಸು. ಹಳೆಯ ಕಲೆಗಳನ್ನು ಅವರು ಮರೆಯುತ್ತಿರಲಿಲ್ಲ. ತೊಡೆಯ ಮೇಲಿನ ಒಂದು ಕಂದು ಕಲೆಗೆ ಬೆರಳಿಟ್ಟು, "ಇದು ನಿಮ್ಮ ಹಿರೇಕೆರೂರಿಂದು, ಅಗಸ ಕೈ ಮುಗದ" ಎಂದು ನನ್ನ ಮುಖ ನೋಡಿದ್ದರು. ರಸ್ತೆ ಗ್ಯಾಂಗಿನ ಕೂಲಿಯವರು ಅವರನ್ನು ಹಿಂದಿನಿಂದ ಚಹಾ ಸಾಹೇಬರು ಎನ್ನುತ್ತಿದ್ದರು. ಮುಂದಿನಿಂದ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ದೊಡ್ಡ ಯುದ್ಧ ಶುರುವಾಗುವ ಮುಂಚಿನ ಒಂದು ಬೇಸಿಗೆಯಲ್ಲಿ ಅವರು ನನ್ನನ್ನು ಕರೆಸಿದರು. ಶಿಗ್ಗಾವಿಯಿಂದ ಹಾನಗಲ್ಲಿಗೆ ಬರುವ ರಸ್ತೆಯಲ್ಲಿ ಒಂದು ಕೆರೆಯ ಊರಿನ ಆಚೀಚೆ ಪೂರಾ ಕೆಟ್ಟು ಹೋಗಿತ್ತು. ಅದನ್ನು ಹೊಸದಾಗಿ ಮಾಡಬೇಕು. "ಧಾರವಾಡದಿಂದ ಉಗಿ ರೋಲರ್ ಬರ್ತದ. ಮಿರಗದ ಮಳಿ ಹಿಡಿಯೂದರೊಳಗ ಕೆಲಸ ಮುಗೀಬೇಕು. ಚಹಾ ಚೆಲ್ಲಲಿಲ್ಲಂದ್ರ ನಿಮ್ಮ ನೌಕರಿ ಕಾಯಂ. ಚೆಲ್ಲಿತಂದ್ರ ಮನಿಗೆ ಹೋಗಿ ಪೂಜಾ ಮಾಡ್ಕೋತ ಕೂಡ್ರಿ" ಎಂದರು.

ಕಾಯಂ ಎಂಬ ಆ ಒಂದು ಮಾತಿಗೆ ನನ್ನ ಬಾಳೇ ಜೋತುಬಿದ್ದಿತ್ತು. ಸವಣೂರಿನಲ್ಲಿ ರಾಘಪ್ಪ ಮಾಸ್ತರರೆಂಬ ಶಾಲಾ ಮಾಸ್ತರರು. ಅವರ ಮಗಳು ಗೋದಾವರಿಯನ್ನು ನನಗೆ ಕೊಡುವುದೆಂದು ಮಾತಾಗಿತ್ತು. ಹೆಣ್ಣು ನೋಡಲು ಹೋದಾಗ ನಾಚಿಕೆಯಿಂದ ತಲೆ ಎತ್ತದೆ ನಾನು ನೋಡಿದ್ದು ಅವಳ ಕಾಲುಂಗುರವಿಲ್ಲದ ಬೆರಳು ಮತ್ತು ಉಪ್ಪಿಟ್ಟಿನ ತಾಟು, ಇಷ್ಟೇ. ಎರಡೂ ಚೆನ್ನಾಗಿದ್ದವು. ಮಾಸ್ತರರು ಮಾತ್ರ, "ನೌಕರಿ ಕಾಯಂ ಆದ ಮ್ಯಾಲೆ ಲಗ್ನ" ಎಂದು ಗೆರೆ ಎಳೆದಂತೆ ಹೇಳಿದ್ದರು. ಹಂಗಾಮಿ ನೌಕರನನ್ನು ಹಂಗಾಮಿ ಅಳಿಯನೆಂದು ಕರೆಯಲಿಕ್ಕೆ ಅವರೇನು ತಯಾರಿರಲಿಲ್ಲ.

ರೋಲರ್ ಬಂತು. ಧಾರವಾಡದಿಂದ ತನ್ನ ಚಕ್ರದ ಮೇಲೇ ನಡೆದು ಬಂತು. ಹಳೆಯ ಮೋರಿಗಳು ಅದರ ಭಾರಕ್ಕೆ ಕುಸಿದಾವೆಂದು ಹಳ್ಳ ಬಂದಾಗಲೆಲ್ಲ ಹಳ್ಳಕ್ಕೇ ಇಳಿಸಿ ದಾಟಿಸಿದರು. ಹಿಂದೆ ಮುಂದೆ ಊರಿನ ಮಂದಿ. ಅದನ್ನು ನಡೆಸುವವನು ಹುಬ್ಬಳ್ಳಿಯ ಅಂತೋನಿ. ಇದ್ದಿಲಿನ ಮಸಿಯಲ್ಲಿ ಅವನ ಹಲ್ಲು, ಕಣ್ಣು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಇಳಿದವನೇ ನನಗೆ ಸಲಾಂ ಹೊಡೆದು, "ಸಾಬ್, ಎಲ್ಲಾ ದಿನಾ ದುಡೀತೇನಿ. ಐತವಾರ ಮಾತ್ರ ಇಲ್ಲ. ಐತವಾರ ನಾನು ದೇವರ ಪ್ರಾರ್ಥನಾ ಮಾಡಾಂವ" ಎಂದ. ಭಾನುವಾರ ಹೇಗೂ ಸರ್ಕಾರಿ ರಜೆ, ಒಪ್ಪಿದೆ.

ಉಗಿ ರೋಲರಿಗೆ ಇದ್ದಿಲು ಎಷ್ಟು ಬೇಕೋ ನೀರೂ ಅಷ್ಟೇ ಬೇಕು. ಬಾಯ್ಲರಿಗೆ ನೀರು, ಖಡಿಯ ಮೇಲೆ ಹೊಡೆಯಲು ನೀರು. ಅದನ್ನು ಕೆರೆಯಿಂದ ಪೀಪಾಯಿಯಲ್ಲಿ ತಂದು ಹಾಕುವ ಬಂಡಿ ಚನ್ನಬಸಪ್ಪನದು. ಅವನು ಆ ಊರಿನ ರೈತ. ನನಗಿಂತ ಹಿರಿಯ, ಮೀಸೆ ತಿರುವುವ ಚಟ, ಬಾಯಿ ಜೋರು. ತನ್ನ ಜೋಡಿ ಎತ್ತುಗಳಂಥವು ಈ ಪೃಥ್ವಿಯಲ್ಲೇ ಇಲ್ಲವೆಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ರೋಲರನ್ನು ಒಂದು ಸುತ್ತು ಬಂದು ನೋಡಿದ.

"ಇದು ನೀರ ಕುಡೀತೈತೇನ್ರಿ?"

"ಹೂಂ, ನಿನ್ನ ಎತ್ತಿಗಿಂತ ಹೆಚ್ಚಿಗೆ."

"ಉಸರ ಬಿಡತೈತಿ?"

"ಹೊಗಿ ಕಾಣಸೂದಿಲ್ಲೇನು?"

"ಕೂಗತೈತೇನ್ರಿ?"

ಅಂತೋನಿ ಸೀಟಿ ಊದಿ ತೋರಿಸಿದ. ಮಂದಿಯೆಲ್ಲ ಹಿಂದೆ ಸರಿದರು. ಚನ್ನಬಸಪ್ಪ ಸರಿಯಲಿಲ್ಲ. ರೋಲರಿನ ಕಬ್ಬಿಣದ ಮೈ ಸವರಿ, ಅದಕ್ಕೆ ಕರಿಯ ಎಂದು ಹೆಸರಿಟ್ಟ. ಅವನ ಹೆಂಡತಿ ಆರತಿ ತಂದಳು. ಎತ್ತಿನ ಕೊರಳಿಗೆ ಕಟ್ಟುವ ಗೊಂಡೆಯನ್ನು ಹೊಗೆಕೊಳವೆಗೆ ಕಟ್ಟಿದರು. ಕಾಯಿ ಒಡೆದಾದ ಮೇಲೆ ಚನ್ನಬಸಪ್ಪ ನನ್ನ ಕಡೆ ತಿರುಗಿ, "ಓವರ್ಸೇರ್ರ, ನಮ್ಮ ಊರಾಗ ಸೋಮಾರ ಎತ್ತ ಹೂಡೂದಿಲ್ರಿ. ಬಸವಣ್ಣನ ವಾರ. ಕರಿಯಾನ್ನೂ ಹೂಡಬ್ಯಾಡ್ರಿ" ಎಂದ.

ನಾನು ನಕ್ಕೆ. ಅದು ಯಂತ್ರ, ಅದಕ್ಕೆಂಥ ವಾರ ಎಂದೆ. ಅವನೂ ನಕ್ಕು, "ಆತ ಬಿಡ್ರಿ, ನಿಮ್ಮ ಯಂತ್ರ ನಿಮಗ. ನನ್ನ ಎತ್ತಂತೂ ಬರೂದಿಲ್ಲ" ಎಂದ. ಎತ್ತು ಬರದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಕರಿಯನೂ ಇಲ್ಲ. ಅವನು ಗೆದ್ದದ್ದು ನನಗೆ ತಿಳಿದದ್ದು ಮೊದಲ ಸೋಮವಾರ ಬೆಳಿಗ್ಗೆ, ಬಾಯ್ಲರಿನ ಮುಂದೆ ಖಾಲಿ ಪೀಪಾಯಿ ನೋಡುತ್ತ ನಿಂತಾಗ.

ಭಾನುವಾರ ಅಂತೋನಿ ಇಲ್ಲ. ಸೋಮವಾರ ಎತ್ತಿಲ್ಲ. ಸಂತೆಯ ದಿನ ಗ್ಯಾಂಗಿನವರಿಲ್ಲ. ವಾರವೆಲ್ಲ ಹೀಗೆ ಸೋರಿ ಹೋಗುವುದನ್ನು ನೋಡಿ ಹಾನಗಲ್ಲಿಗೆ ಓಡಿದೆ. ಸೋಮವಾರ ಬಿಟ್ಟುಕೊಡೋಣ, ಬದಲಿಗೆ ಭಾನುವಾರ ರೋಲರ್ ಬೇಡದ ಕೆಲಸ ಮಾಡಿಸೋಣ ಎಂದು ಕುಲಕರ್ಣಿ ಸಾಹೇಬರಿಗೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟರು. "ಎತ್ತಿನ ಮಾತು ಕೇಳಿ ಸರ್ಕಾರ ರಜಾ ಕೊಡಬೇಕೇನ್ರಿ? ನಾಳೆ ಅಗಸರ ಕತ್ತಿ ಬಂದು ಶನಿವಾರ ಕೇಳ್ತದ. ಸೋಮವಾರ ಕೆಲಸ ನಡೀಬೇಕು. ಹ್ಯಾಂಗ ನಡಸ್ತೀರಿ ಅದು ನಿಮ್ಮ ಶಾಣ್ಯಾತನ" ಎಂದರು.

ಮುಂದಿನ ಸೋಮವಾರ ಹೆಣ್ಣುಮಕ್ಕಳಿಂದ ಕೊಡದಲ್ಲಿ ನೀರು ಹೊರಿಸಿದೆ. ಕೆರೆಯಿಂದ ರೋಲರಿನ ತನಕ ಸಾಲು ಹಚ್ಚಿ ನಗುತ್ತ ಹೊತ್ತರು. ಕರಿಯ ಎಲ್ಲ ಕುಡಿದು ಒಂದು ಸೀಟಿ ಊದಿ ಸುಮ್ಮನಾದ. ಬಿಸಿಲೇರುವ ಹೊತ್ತಿಗೆ ನಗು ನಿಂತಿತು. "ಇಂವಗ ನೀರ ಕುಡಸೂದಕ್ಕಿಂತ ಮದವಿ ಮನಿ ಅಡಗಿ ಮಾಡೂದು ಹಗರ" ಎಂದು ಕೊಡ ಬೋರಲು ಹಾಕಿ ಕೂತುಬಿಟ್ಟರು.

ಆಗ ನನಗೊಂದು ಉಪಾಯ ಹೊಳೆಯಿತು. ಅದು ಹೊಳೆದ ಗಳಿಗೆಯಲ್ಲಿ ನನಗಿಂತ ಜಾಣ ಓವರ್ಸಿಯರ್ ಇಡೀ ಜಿಲ್ಲೆಯಲ್ಲಿ ಇಲ್ಲ ಎನಿಸಿತ್ತು. ಸೋಮವಾರ ಬಸವಣ್ಣನ ವಾರ, ಆದ್ದರಿಂದ ಎತ್ತು ಹೂಡುವುದಿಲ್ಲ. ಕೋಣ ಹೂಡಬಾರದೆಂದು ಎಲ್ಲಿದೆ? ಸವಣೂರಿನಲ್ಲಿ ಹುಸೇನಸಾಬನೆಂಬವನು ಕೋಣದ ಬಂಡಿ ಇಟ್ಟಿದ್ದ. ಹೋಗಿ ಮಾತಾಡಿದೆ. "ನಮ್ಮ ಕೋಣಕ್ಕ ಸೋಮಾರ ಇಲ್ಲ, ಮಂಗಳಾರ ಇಲ್ಲ ಸಾಹೇಬ್ರ. ಬಿಸಿಲ ಒಂದ ಆಗೂದಿಲ್ಲ ನೋಡ್ರಿ" ಎಂದ. ನಾನು ಮೊದಲಿನ ಮಾತಿಗೇ ಖುಷಿಯಾಗಿ ಎದ್ದಿದ್ದೆ, ಕೊನೆಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಸೋಮವಾರ ಹುಸೇನಸಾಬ ಹೇಳಿದ ಹೊತ್ತಿಗೆ ಬಂದ. ಚನ್ನಬಸಪ್ಪ ಮಿಂದು, ಹಣೆ ತುಂಬ ವಿಭೂತಿ ಧರಿಸಿ, ಕೆರೆಯ ಏರಿಯ ಮೇಲೆ ಬೇವಿನ ಗಿಡದ ಕೆಳಗೆ ಕೂತು ನೋಡುತ್ತಿದ್ದ. ಬೆಳಗಿನ ತಂಪಿನಲ್ಲಿ ಕೋಣಗಳು ಛಲೋ ದುಡಿದವು. ಕರಿಯ ಹೊಗೆ ಬಿಟ್ಟುಕೊಂಡು ಆಚೆ ಈಚೆ ಉರುಳಿದ. ನಾನು ಚನ್ನಬಸಪ್ಪನ ಮುಂದೆ ಹಾದುಹೋಗುವಾಗಲೆಲ್ಲ ಸುಮ್ಮನೆ ಕೆಮ್ಮುತ್ತಿದ್ದೆ. ಅವನು ಮೀಸೆ ತಿರುವುತ್ತ, "ಇನ್ನೂ ಬಿಸಿಲ ಏರಲಿ ತಡೀರಿ" ಎಂದ.

ಬಿಸಿಲು ಏರಿತು. ಪೀಪಾಯಿ ತುಂಬಿಸಲು ಬಂಡಿಯನ್ನು ಕೆರೆಯ ಅಂಚಿಗೆ ಇಳಿಸಿದ್ದರು. ಕೋಣಗಳು ಅಂಚಿನಲ್ಲಿ ನಿಲ್ಲಲಿಲ್ಲ. ಯಾರ ಮಾತಿಗೂ ಕಿವಿಗೊಡದೆ, ಬಂಡಿ ಸಮೇತ, ಪೀಪಾಯಿ ಸಮೇತ ಒಳಗೆ ನಡೆದವು. ಮೈ ಮುಳುಗುವಷ್ಟು ನೀರು ಬಂದಲ್ಲಿ ಕೂತುಬಿಟ್ಟವು. ಕೊಂಬು, ಮೂಗು ಬಿಟ್ಟು ಏನೂ ಕಾಣದು. ಪೀಪಾಯಿ ಮಾತ್ರ ಮೇಲೆ ತೇಲುತ್ತಿತ್ತು. ಹುಸೇನಸಾಬ ದಂಡೆಯಲ್ಲಿ ಕೂತು ಬೀಡಿ ಹಚ್ಚಿದ. "ಇನ್ನ ಹೊತ್ತ ಇಳದ ಮ್ಯಾಲ ತಾವ ಎದ್ದ ಬರ್ತಾವ ಸಾಹೇಬ್ರ. ನಾ ಮೊದಲ ಹೇಳಿದ್ನೆಲ್ಲ" ಎಂದ.

ಎಳೆದು ತೆಗೆಯಬೇಕೆಂದರೆ ಜೋಡಿ ಎತ್ತು ಬೇಕು. ಎತ್ತು ಊರ ತುಂಬ ಇದ್ದವು, ಸೋಮವಾರವೂ ಇತ್ತು. ನಾನು ಬೂಟು ಬಿಚ್ಚಿ, ಪ್ಯಾಂಟು ಮಡಚಿ ನೀರಿಗಿಳಿದೆ. ಒಂದು ಕೋಣದ ಬಾಲ ಹಿಡಿದು ಎಳೆದೆ. ಅದು ಕಿವಿಯನ್ನೂ ಅಲುಗಿಸಲಿಲ್ಲ. ಇನ್ನೂ ಒಳಗೆ ಹೋಗಿ ಎರಡೂ ಕೈಯಿಂದ ಬಾಲ ಹಿಡಿದು ಎಳೆಯುತ್ತಿದ್ದಾಗ ಏರಿಯ ಮೇಲಿನಿಂದ ಯಾರೋ ಕೂಗಿದರು.

"ಯಾರ್ರೀ ಅವರು? ಓವರ್ಸಿಯರ್ ವೆಂಕಟೇಶರಾಯರೇನು?"

ತಿರುಗಿ ನೋಡಿದರೆ ರಾಘಪ್ಪ ಮಾಸ್ತರರು! ಕೋಟು, ಟೊಪ್ಪಿಗೆ, ಕೈಯಲ್ಲಿ ಕೊಡೆ. ಹಾನಗಲ್ಲಿನಲ್ಲಿ ನೆಂಟರ ಮನೆಯ ಮುಂಜಿವೆಗೆ ಹೊರಟವರು. ರಸ್ತೆಯಲ್ಲಿ ನಾನು ಹರವಿಸಿದ್ದ ಖಡಿ ಕಂಡು ಸರ್ವಿಸ್ ಮೋಟಾರಿನವನು ಮಂದಿಯನ್ನೆಲ್ಲ ಇಳಿಸಿ ಏರಿಯ ಮೇಲೆ ನಡೆದು ಬನ್ನಿರೆಂದು ಹೇಳಿದ್ದನಂತೆ. ಅವರ ಹಿಂದೆ ಅವರ ಹೆಂಡತಿ, ಅವರ ಹಿಂದೆ ಒಬ್ಬ ಹುಡುಗಿ.

"ಹೌದ್ರಿ, ನಾನ" ಎಂದೆ. ಬಾಲ ಬಿಡಬೇಕೋ ಹಿಡಿದಿರಬೇಕೋ ತಿಳಿಯಲಿಲ್ಲ.

"ಅಲ್ಲೇನು ಮಾಡ್ಲಿಕ್ಕೆ ಹತ್ತೀರಿ?"

"ರಸ್ತಾ ಮಾಡ್ಲಿಕ್ಕೆ ಹತ್ತೇನ್ರಿ."

ಮಾಸ್ತರರು ರಸ್ತೆಯ ಕಡೆ ನೋಡಿದರು, ಕೆರೆಯ ಕಡೆ ನೋಡಿದರು. ಅವರ ಹಿಂದಿನ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ನಗು ಸೆರಗಿನಲ್ಲಿ ಹಿಡಿಸಲಿಲ್ಲ, ಕೆರೆಯ ಮೇಲೆಲ್ಲ ಹರಡಿತು. ಗೋದಾವರಿಯ ಮುಖವನ್ನು ನಾನು ಮೊದಲು ನೋಡಿದ್ದು ಹಾಗೆ, ಕೈಯಲ್ಲಿ ಕೋಣದ ಬಾಲ ಹಿಡಿದುಕೊಂಡು. ನಾಚಿಕೆಯಿಂದ ಸಾಯುವಂತಾಗಿತ್ತು. ಅಷ್ಟರಲ್ಲೂ, ಇವಳನ್ನು ಬಿಟ್ಟರೆ ನಾನು ಕೆಟ್ಟೆ ಎಂದು ಮನಸ್ಸಿಗೆ ಖಚಿತವಾಗಿ ಅನಿಸಿತು.

ಮಾಸ್ತರರು ಹೊರಡುವಾಗ ಕೊಡೆಯ ತುದಿಯಿಂದ ನೆಲ ಕುಟ್ಟಿ, "ಕಾಯಂ ಆಗಲಿ, ಆಮ್ಯಾಲೆ ನೋಡೋಣಂತ. ಹಿರೇಕೆರೂರ ಕಡೆಯಿಂದನೂ ಒಂದು ಸಂಬಂಧ ಬಂದದ" ಎಂದರು. ಮೊದಲು ಕಾಯಂ ಆದ ಮೇಲೆ ಲಗ್ನ ಎಂದಿದ್ದವರು ಈಗ ನೋಡೋಣ ಎಂದರಲ್ಲ, ಆ ಅಂತರ ಎಷ್ಟು ದೊಡ್ಡದೆಂದು ಹೆಣ್ಣು ಕೇಳಿ ಹೋದವರಿಗೆ ಗೊತ್ತು.

ಅವತ್ತು ಸಂಜೆ ಏರಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿದ್ದೆ. ಕೋಣಗಳು ತಾವಾಗಿ ಎದ್ದು ಬಂದು ಮೈ ಕೊಡವಿ ಹೋಗಿದ್ದವು. ಚನ್ನಬಸಪ್ಪ ಪಕ್ಕಕ್ಕೆ ಬಂದು ಕೂತ. ಮನಸ್ಸು ತಡೆಯದೆ ಅವನಿಗೆ ಎಲ್ಲ ಹೇಳಿದೆ, ಕಾಯಂ, ಚಹಾ, ಪ್ಯಾಂಟು, ಗೋದಾವರಿ. ಅವನು ಮೀಸೆ ತಿರುವಿದ. "ಸೋಮಾರ ಒಂದ ಬಿಡ್ರಿ. ಉಳದ ದಿನಾ ಕೋಳಿ ಕೂಗೂ ಮುಂದ ಎತ್ತ ಹೂಡತೇನಿ" ಎಂದ. ಮಾತಿನಂತೆ ನಡೆದ. ಅಂತೋನಿಯೂ ಬೆಳಕು ಹರಿಯುವ ಮೊದಲೇ ಬಾಯ್ಲರ್ ಕಾಯಿಸಿದ. ಮಾತು ಚನ್ನಬಸಪ್ಪನ ಹೊಟ್ಟೆಯಲ್ಲಿ ಉಳಿಯುವುದಲ್ಲ ಎಂಬುದು ನನಗೆ ಮಾರನೆಯ ದಿನವೇ ಗೊತ್ತಾಯಿತು. ಖಡಿ ಒಡೆಯುವ ಮುದುಕಿಯೊಬ್ಬಳು, "ಚಿಂತಿ ಮಾಡಬ್ಯಾಡಪ್ಪ, ನಿನ್ನ ಲಗ್ನದ ಖಡಿ ಅಂತ ಸಣ್ಣಗ ಒಡ್ಯಾಕತ್ತೇವಿ" ಎಂದಳು.

ರಸ್ತೆ ಮುಗಿಯುತ್ತ ಬಂತು. ಕೆರೆಯ ಪಕ್ಕದ ತುಣುಕೊಂದು ಉಳಿದಿತ್ತು. ಅಷ್ಟರಲ್ಲಿ ಸಾಹೇಬರು ಸೋಮವಾರವೇ ಪರೀಕ್ಷೆಗೆ ಬರುತ್ತೇನೆಂದು ಹೇಳಿ ಕಳಿಸಿದರು. ಸೋಮವಾರ ಹೇಗೆ ಕೆಲಸ ನಡೆಯುವುದಿಲ್ಲ ನೋಡೇ ಬಿಡುತ್ತೇನೆ ಎಂಬ ಹಟ. ಹಿಂದಿನ ದಿನ ಮಧ್ಯಾಹ್ನ ಆಕಾಶ ಕಪ್ಪಿಟ್ಟು ಮಳೆ ಸುರಿಯಿತು. ಉರುಳಿಸದ ತುಣುಕಿನ ಮೇಲೆ ಹಾಕಿದ್ದ ಮುರುಮು ಅಂಬಲಿಯಾಯಿತು.

ಸೋಮವಾರ ಸಾಹೇಬರ ಮೋಟಾರಿನಲ್ಲಿ ಅವರ ಪಕ್ಕ ಕೂತು ಬಂದೆ. ಅಂಗೈ ಮೇಲೆ ಕಪ್ಪು, ಕಪ್ಪಿನ ತುದಿಗೆ ಚಹಾ. ನಾನು ರಸ್ತೆ ನೋಡಲೇ ಇಲ್ಲ, ಚಹಾ ನೋಡಿದೆ. ಮೋಟಾರು ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಚಹಾದ ಮೇಲಿನ ಕೆನೆ ಕೂಡ ಅಲುಗಲಿಲ್ಲ. ಸಾಹೇಬರು "ಹೂಂ" ಎಂದರು. ಅವರ ಬಾಯಿಂದ ಹೂಂ ಎಂಬುದು ಬಹಳ ದೊಡ್ಡ ಮಾತು. ಕೆರೆ ಹತ್ತಿರ ಬಂತು.

"ಸಾಹೇಬ್ರ, ಇಲ್ಲಿ ಇಳದು ನಡಕೊಂಡು ಹೋಗೋಣ್ರಿ. ಮುಂದ ರೋಲರ್ ಆಡಿಲ್ಲ."

"ನಾ ನಡೀಲಿಕ್ಕೆ ಬಂದಿಲ್ಲ. ಹೊಡಿಯೋ" ಎಂದು ಡ್ರೈವರನಿಗೆ ಹೇಳಿದರು.

ಮೋಟಾರು ಸ್ವಲ್ಪ ದೂರ ಹೋಗಿ, ಮೆಲ್ಲಗೆ, ಯಾವ ಗಡಿಬಿಡಿಯೂ ಇಲ್ಲದೆ, ಕೆಸರಿನಲ್ಲಿ ಕೂತಿತು. ಹುಸೇನಸಾಬನ ಕೋಣ ಕೂತ ಹಾಗೆಯೇ ಕೂತಿತು. ಎಷ್ಟು ಮೆಲ್ಲಗೆಂದರೆ ಚಹಾ ಇನ್ನೂ ಕಪ್ಪಿನಲ್ಲೇ ಇತ್ತು. ಡ್ರೈವರ್ ಎಷ್ಟು ಒತ್ತಿದರೂ ಚಕ್ರ ಕೆಸರು ಹಾರಿಸಿತೇ ಹೊರತು ಮುಂದೆ ಬರಲಿಲ್ಲ. ಊರಿನ ಮಂದಿ ಏರಿಯ ಮೇಲೆ ಕೂಡಿದರು. ಮುಂದೆ ಚನ್ನಬಸಪ್ಪ, ಹಣೆ ತುಂಬ ವಿಭೂತಿ.

"ಏ, ಎತ್ತು ತಗೊಂಡು ಬಾ" ಎಂದರು ಸಾಹೇಬರು.

"ಸೋಮಾರ ಐತ್ರೀ."

"ರೋಲರ್ ತರಸ್ರಿ."

"ಅದಕ್ಕೂ ಸೋಮಾರ್ರಿ."

"ನೀರಿಲ್ಲ ಸಾಬ್, ಬಾಯ್ಲರ್ ತಣ್ಣಗೈತಿ" ಎಂದ ಅಂತೋನಿ ಹಿಂದಿನಿಂದ.

ಮೋಡ ಮತ್ತೆ ಕವಿಯುತ್ತಿತ್ತು. ಇಳಿಯೋಣವೆಂದರೆ ಸುತ್ತ ಮೊಳಕಾಲು ಕೆಸರು, ಬಿಳಿ ಪ್ಯಾಂಟು. ಸಾಹೇಬರ ದನಿ ಸ್ವಲ್ಪ ಇಳಿಯಿತು. "ಹಂಗಾದ್ರ ನಾ ಮಂಗಳವಾರದ ತನಕಾ ಇಲ್ಲೇ ಕೂಡಬೇಕೇನ್ರೋ?"

ಚನ್ನಬಸಪ್ಪ ಮೀಸೆ ಬಿಟ್ಟು ಕೈ ಮುಗಿದ. "ಎತ್ತಿಗೆ ಸೂಟಿ ಐತ್ರಿ ಸಾಹೇಬ್ರ. ನಮಗಿಲ್ಲ. ನಾವ ಎಳೀತೇವಿ."

ನೀರಿನ ಬಂಡಿಯ ಹಗ್ಗ ಬಂತು. ಮೋಟಾರಿನ ಮುಂದಕ್ಕೆ ಬಿಗಿದರು. ಎತ್ತು ನಿಲ್ಲುವ ಜಾಗದಲ್ಲಿ ಚನ್ನಬಸಪ್ಪ ನಿಂತು ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಅವನ ಹಿಂದೆ ಊರಿನ ಗಂಡಸರೆಲ್ಲ. ಹೆಣ್ಣುಮಕ್ಕಳು ಚಕ್ರದ ಕೆಳಗೆ ಖಡಿ ತುರುಕಿದರು. ಅಂತೋನಿ ಮತ್ತು ನಾನು ಹಿಂದಿನಿಂದ ನೂಕಲು ನಿಂತೆವು. ಸಾಹೇಬರು ಕಪ್ಪನ್ನು ಕೆಳಗಿಡಲು ಹೋದರು. ಚನ್ನಬಸಪ್ಪ ತಿರುಗಿ ನೋಡಿ ಕೂಗಿದ.

"ಕಪ್ಪ ಬಿಡಬ್ಯಾಡ್ರೀ! ಹಂಗ ಹಿಡಕೊಂಡ ಕುಂತ್ಕೋರಿ!"

"ಯಾಕೋ?"

"ಆ ಚಹಾ ಚೆಲ್ಲಿದ್ರ ಈ ಹುಡುಗನ ಲಗ್ನ ಮುರಿತೈತ್ರಿ!"

ಸಾಹೇಬರು ಹೊರಳಿ ಹಿಂದಿನ ಗಾಜಿನಿಂದ ನನ್ನನ್ನು ನೋಡಿದರು. ಇದ್ದ ಕೆಸರು ಇನ್ನೂ ಆಳವಾಗಿದ್ದರೆ ನಾನು ಪೂರಾ ಮುಳುಗುತ್ತಿದ್ದೆ. ಊರಿನವರಿಗೆ ಯಾವ ನಾಚಿಕೆಯೂ ಇರಲಿಲ್ಲ. "ಸಾವಕಾಶ, ಚಹಾ ಚೆಲ್ಲಬ್ಯಾಡ್ರಿ! ಇನ್ನೊಂದೀಟ, ಚಹಾ ಚೆಲ್ಲಬ್ಯಾಡ್ರಿ!" ಎಂದು ಒಕ್ಕೊರಲಿನಿಂದ ಕೂಗುತ್ತ ಎಳೆದರು. ಜಗ್ಗಲಿಲ್ಲ, ಜೀಕಲಿಲ್ಲ. ತುಂಬಿದ ಬಸುರಿಯನ್ನು ಕೂಡಿಸಿಕೊಂಡ ಬಂಡಿ ಎಳೆದಷ್ಟು ಮೆಲ್ಲಗೆ ಎಳೆದು, ಆಚೆಯ ಗಟ್ಟಿ ರಸ್ತೆಯ ಮೇಲೆ ತಂದು ನಿಲ್ಲಿಸಿದರು. ಚನ್ನಬಸಪ್ಪನ ಹೆಗಲು ಹಗ್ಗ ಉಜ್ಜಿ ಕೆಂಪಾಗಿತ್ತು.

ಎಲ್ಲರೂ ಮೋಟಾರಿನ ಸುತ್ತ ಬಂದು ಕಪ್ಪಿನೊಳಗೆ ಇಣುಕಿದರು. ಬಸಿಯಲ್ಲಿ ಒಂದು ಹನಿ ಬಿದ್ದಿತ್ತು. ಸಾಹೇಬರು ಅದನ್ನು ದಿಟ್ಟಿಸಿ ನೋಡಿದರು.

"ಬಸಿಯೊಳಗ ಬಿದ್ದದ್ದು ಲೆಕ್ಕಕ್ಕಿಲ್ಲ" ಎಂದು ಆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟರು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಆ ತುಣುಕು ಮತ್ತ ಮಾಡ್ರಿ, ಅದು ನಾಪಾಸು. ಆದ್ರ ಈ ಮಂದಿ ನನ್ನ ಸಲುವಾಗಿ ಹಗ್ಗ ಹಿಡೀಲಿಲ್ಲಂತ ನನಗ ಗೊತ್ತದ. ಮಂದಿ ಹಿಂಗ ಕೂಡೂ ಮನಶ್ಯಾ ಇಲಾಖಾಕ್ಕ ಬೇಕು. ಇನ್ನ ಮ್ಯಾಲೆ ಈ ರಸ್ತಾದ ಮ್ಯಾಲೆ ಸೋಮವಾರ ರೋಲರಿಗೆ ಸೂಟಿ. ಹಂಗಂತ ಆರ್ಡರ್ ಮಾಡ್ತೇನಿ. ಹೆಣ್ಣಿನ ಕಡೆಯವರಿಗೆ ಕಾಯಂ ಆತಂತ ಹೇಳ್ರಿ" ಎಂದರು. ನನಗೆ ಅಳು ಬಂತು. ಮುಖದ ತುಂಬ ಕೆಸರಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಲಗ್ನ ಸವಣೂರಿನಲ್ಲಿ ಆಯಿತು. ಮುಹೂರ್ತ ಬಂದದ್ದು ಸೋಮವಾರ, ಏನು ಮಾಡುವುದು! ಚನ್ನಬಸಪ್ಪ ಹಿಂದಿನ ದಿನವೇ ಬಂಡಿ ಹೂಡಿಕೊಂಡು ಶಿಗ್ಗಾವಿಯ ನಮ್ಮ ಮನೆಗೆ ಬಂದ. ಎತ್ತುಗಳನ್ನು ನಮ್ಮ ಹಿತ್ತಲಲ್ಲಿ ಕಟ್ಟಿ ಹುಲ್ಲು ಹಾಕಿದ. ಸೋಮವಾರ ನಸುಕಿನಲ್ಲಿ ಹೆಗಲ ಮೇಲೆ ಹೊಸ ಅಕ್ಕಿಯ ಗಂಟು ಹೊತ್ತು ಸವಣೂರಿಗೆ ನಡೆದೇ ಬಂದ. ಅಕ್ಷತೆಯ ಹೊತ್ತಿಗೆ ಸರಿಯಾಗಿ ಹಂದರದೊಳಗೆ ಕಾಲಿಟ್ಟ, ಧೂಳು ಮೊಳಕಾಲ ತನಕ ಇತ್ತು. ಗೋದಾವರಿ ಮೆಲ್ಲಗೆ, "ಯಾರವರು?" ಎಂದು ಕೇಳಿದಳು. ನಮ್ಮ ಲಗ್ನ ಎಳೆದು ತಂದವನು ಎಂದು ಹೇಳಿದೆ.

ಮುಂದೆ ನನಗೆ ಯಾವಾಗ ಯಾವ ಬಡ್ತಿ ಬಂತೆಂದು ಬರೆಯುವುದಿಲ್ಲ, ಅದು ನಮ್ಮ ಮನೆಯಲ್ಲೇ ಯಾರಿಗೂ ನೆನಪಿಲ್ಲ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಖಡಿಯ ಮೇಲೆ ಡಾಂಬರು ಬಂತು, ಉಗಿ ಹೋಗಿ ಡೀಸೆಲ್ ಬಂತು. ಕುಲಕರ್ಣಿ ಸಾಹೇಬರು ಹೋದರು. ಚನ್ನಬಸಪ್ಪನೂ ಹೋದ, ಅವನಿಗೆ ಮಣ್ಣು ಕೊಡಲು ಹೋದವರಲ್ಲಿ ನಾನೂ ಇದ್ದೆ.

ನಿವೃತ್ತಿಯಾದ ಮೇಲೆ ಒಮ್ಮೆ ನಾನೂ ಗೋದಾವರಿಯೂ ಬಸ್ಸಿನಲ್ಲಿ ಹಾನಗಲ್ಲಿಗೆ ಹೊರಟಿದ್ದೆವು. ಆ ಕೆರೆಯ ಹತ್ತಿರ ರಸ್ತೆ ಅಗಲ ಮಾಡುತ್ತಿದ್ದರು. ದಾರಿಯಲ್ಲಿ ಕಲ್ಲು ಬಿದ್ದಿತ್ತೆಂದು ಬಸ್ಸು ನಿಂತಿತು, ಮಂದಿ ಕೆಳಗಿಳಿದರು. ಏರಿಯ ಬುಡದಲ್ಲಿ ಹೊಸ ಡೀಸೆಲ್ ರೋಲರ್ ಸುಮ್ಮನೆ ನಿಂತಿತ್ತು, ಮುಂದಿನ ಉರುಳಿಗೆ ಚೆಂಡು ಹೂವಿನ ಮಾಲೆ. ಬೇವಿನ ಗಿಡದ ಕೆಳಗೆ ಅದರ ಡ್ರೈವರ್ ಕಾಲು ಚಾಚಿ ಕೂತಿದ್ದ, ಎಲ್ಲಿಯೋ ಬೇರೆ ಜಿಲ್ಲೆಯಿಂದ ಬಂದವನು.

"ಯಾಕಪ್ಪ, ಕೆಟ್ಟು ನಿಂತದ ಏನು?"

"ಇಲ್ಲ್ರಿ ಅಜ್ಜಾರ. ಇವತ್ತ ಸೋಮಾರಲ್ರಿ."

"ಇದು ಡೀಸೆಲ್ ಗಾಡಿ. ಇದಕ್ಕ ನೀರಿನ ಬಂಡಿ ಬೇಕಾಗಿಲ್ಲಲ್ಲ."

"ನೀರಿನ ಬಂಡಿ ನನಗ್ಗೊತ್ತಿಲ್ರಿ. ಈ ರಸ್ತಾದಾಗ ಸೋಮಾರ ರೋಲರ್ ಹೂಡೂದಿಲ್ಲಂತ. ಗ್ಯಾಂಗಿನ ಮುಕಾದಮ ಹೇಳ್ಯಾನ. ಭಾಳ ಹಳೇ ಸರ್ಕಾರಿ ರೂಲ ಐತಂತ. ಯಾಕ ಅಂತ ಯಾರಿಗೂ ಗೊತ್ತಿಲ್ಲ."

ಹಿಂದಿನಿಂದ ನಗು ಕೇಳಿಸಿತು. ಗೋದಾವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಆ ನಗು ಇವತ್ತಿಗೂ ಸೆರಗಿನಲ್ಲಿ ಹಿಡಿಸುವುದಿಲ್ಲ. ಡ್ರೈವರ್ ಎದ್ದು ಕೂತು, "ಯಾಕ ನಗಾಕತ್ತೀರಿ ಅಮ್ಮಾರ?" ಎಂದ.

ಅಷ್ಟರಲ್ಲಿ ಬಸ್ಸು ಹಾರ್ನು ಹಾಕಿತು. ಮಂದಿ ಹತ್ತತೊಡಗಿದರು. ನಾನು ಅಭ್ಯಾಸದಂತೆ ಹೊರಡಲು ತಿರುಗಿದೆ. ಗೋದಾವರಿ ಬೇವಿನ ಬೇರಿನ ಮೇಲಿನ ಧೂಳನ್ನು ಸೆರಗಿನಿಂದ ಝಾಡಿಸಿ ಕೂತುಬಿಟ್ಟಳು.

"ಬಸ್ಸು ಹೋಗಲಿ ಬಿಡ್ರಿ, ಇನ್ನೊಂದು ಬರ್ತದ. ಈ ಹುಡುಗಗ ಪೂರಾ ಹೇಳ್ರಿ. ಕೋಣದ್ದು ಬಿಡಬ್ಯಾಡ್ರಿ ಮತ್ತ."